ಗಿಯರ್ ಹಲ್ಲಿಗೆ ಆ ಉಬ್ಬು ಯಾಕೆ?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದೀನಿ. ಗಿಯರ್ ಹಲ್ಲನ್ನ ಸುಮ್ನೆ ತ್ರಿಕೋನದ ಥರ ಕಟ್ ಮಾಡಿದ್ರೆ ಆಗಲ್ವಾ, ಇನ್ವಾಲ್ಯೂಟ್ ಅನ್ನೋ ಬಾಗಿದ ಆಕಾರವೇ ಯಾಕೆ ಬೇಕು?

ಉತ್ತರ: ತಿರುಗೋದೇನೋ ತಿರುಗುತ್ತೆ, ಆದ್ರೆ ಒಂದೊಂದು ಹಲ್ಲು ಕೂಡಿ ಬಿಡೋವಾಗ್ಲೂ ಸ್ಪೀಡು ಒಂಚೂರು ಏರಿ ಇಳಿದು ಕಟಕಟ ಅನ್ನುತ್ತೆ, ಹಲ್ಲೂ ಬೇಗ ಸವೆಯುತ್ತೆ. ಇವತ್ತೇ ಒಂದು ಕೆಲಸ ಮಾಡಿ. ಡಬ್ಬಿ ಮುಚ್ಚಳ ಒಂದನ್ನ ಹಾಳೆ ಮೇಲೆ ಒತ್ತಿ ಹಿಡಿದು, ಸುತ್ತ ದಾರ ಸುತ್ತಿ, ತುದಿಗೆ ಪೆನ್ಸಿಲ್ ಕಟ್ಟಿ, ಸಡಿಲ ಬಿಡದೆ ಬಿಗಿಯಾಗೇ ಎಳ್ಕೊಂಡು ಬಿಚ್ತಾ ಹೋಗಿ, ಆಗ ಮೂಡೋ ಗೆರೆನೇ ಇನ್ವಾಲ್ಯೂಟ್. ಹಲ್ಲಿನ ಪಕ್ಕದಲ್ಲಿರೋದು ಅದರ ಶುರುವಿನ ಚಿಕ್ಕ ತುಂಡು ಅಷ್ಟೇ.

ಈಗ ಎರಡು ಗಿಯರ್ ಜಾಗದಲ್ಲಿ ಎರಡು ಮುಚ್ಚಳ, ಮಧ್ಯೆ ಓರೆಯಾಗಿ ಒಂದು ಬಿಗಿ ದಾರ ಅಂದ್ಕೊಳ್ಳಿ: ಒಂದರಿಂದ ಬಿಚ್ಕೊಂಡಷ್ಟೇ ಇನ್ನೊಂದಕ್ಕೆ ಸುತ್ಕೊಳ್ಳುತ್ತೆ, ಹಲ್ಲು ತಾಗೋ ಜಾಗ ಯಾವಾಗ್ಲೂ ಆ ನೇರ ದಾರದ ಮೇಲೇ ಸರಿಯುತ್ತೆ, ಅದಕ್ಕೇ ಸ್ಪೀಡು ಏರುಪೇರಾಗಲ್ಲ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು, ಬೇರಿಂಗ್ ಸವೆದು ಶಾಫ್ಟುಗಳು ಕೂದಲೆಳೆಯಷ್ಟು ದೂರ ಆದ್ರೂ ಮುಚ್ಚಳದ ಸೈಜು ಬದಲಾಗಲ್ಲವಲ್ಲ, ಹಾಗಾಗಿ ಎರಡು ಗಿಯರ್‌ಗಳ ಸ್ಪೀಡಿನ ರೇಶಿಯೋ ಇದ್ದಹಾಗೇ ಇರುತ್ತೆ! ಸೈಕ್ಲಾಯ್ಡ್ (ಉರುಳೋ ಚಕ್ರದ ಅಂಚಿನ ಚುಕ್ಕೆ ಬಿಡಿಸೋ ಗೆರೆ) ಆಕಾರದ ಹಲ್ಲಿಗೆ ಈ ಗುಣ ಇಲ್ಲ. ಹಲ್ಲಿಗೆ ಇನ್ವಾಲ್ಯೂಟ್ ಗೆರೆ ಸೂಚಿಸಿದ್ದು 18ನೇ ಶತಮಾನದ ಗಣಿತಜ್ಞ ಆಯ್ಲರ್.

ನಿಮ್ಮ ಬುಕ್ಕಲ್ಲಿರೋ 20 ಡಿಗ್ರಿ ಪ್ರೆಶರ್ ಆಂಗಲ್ ಇದೆಯಲ್ಲ, ಶಾಫ್ಟುಗಳ ಸೆಂಟರ್ ಸೇರಿಸೋ ಗೆರೆಗೆ ಒಂದು ಲಂಬ ಎಳೆದ್ರೆ ಅದರಿಂದ ಆ ದಾರ ಎಷ್ಟು ವಾಲಿದೆಯೋ ಅದೇ ಅದು. ಹಳೇ ಮೆಷಿನ್ನಲ್ಲಿ 14.5 ಇರಬಹುದು, ಅದಕ್ಕೆ 20ರ ಗಿಯರ್ ಜೋಡಿಸೋಕೆ ಹೋಗ್ಬೇಡಿ.