ಬ್ರೈನ್ ಇನ್ನಷ್ಟು ತಣ್ಣಗಿದ್ದರೆ ಸಾಲದೇ?

ಪ್ರಶ್ನೆ: ಔಷಧದ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಯಲ್ಲಿ ಟ್ರೈನಿ ಆಗಿದ್ದೇನೆ. ಲ್ಯಾಬ್‌ನ 1 ಲೀಟರ್ ಫ್ಲಾಸ್ಕ್‌ನಲ್ಲಿ ಅರ್ಧ ಗಂಟೆಗೆ ಮುಗಿಯುವ ನೈಟ್ರೇಷನ್ (ನೈಟ್ರಿಕ್ ಆಸಿಡ್ ಬಿಟ್ಟು ಮಾಡುವ, ತುಂಬಾ ಶಾಖ ಹುಟ್ಟಿಸುವ ರಿಯಾಕ್ಷನ್), 1,000 ಲೀಟರ್ ರಿಯಾಕ್ಟರ್‌ನಲ್ಲಿ ಐದಾರು ಗಂಟೆ ಹಿಡಿಯುತ್ತದೆ. ರಿಯಾಕ್ಟರ್ ತಂಪು ಮಾಡುವ ಬ್ರೈನ್ (ತಣ್ಣನೆಯ ಉಪ್ಪುನೀರು) ಇನ್ನಷ್ಟು ತಣ್ಣಗೆ ಮಾಡಿ ಆಸಿಡ್ ಬೇಗ ಬಿಡಬಾರದೇ? ಇನ್ನೊಂದು, ಸ್ಟಿರರ್ (ಒಳಗೆ ಕಲಕುವ ಯಂತ್ರ) ಟ್ರಿಪ್ ಆಗಿ ನಿಂತಾಗ ನಾನು ಆನ್ ಮಾಡಲು ಹೋದೆ. ಶಿಫ್ಟ್ ಇನ್‌ಚಾರ್ಜ್ ಗದರಿದರು. ಯಾಕೆ?

ಉತ್ತರ: ಗದರಿದ್ದು ಒಳ್ಳೆಯದೇ ಆಯಿತು. ಮೊದಲು ಐದು ಗಂಟೆಯ ಲೆಕ್ಕ ನೋಡೋಣ. ಶಾಖ ಹುಟ್ಟುವುದು ಇಡೀ ದ್ರವದಲ್ಲಿ, ಹೊರಗೆ ಹೋಗುವುದು ಗೋಡೆಯ ಮೂಲಕ. ದ್ರವ ಸಾವಿರ ಪಟ್ಟಾದರೆ, ಅದೇ ಆಕಾರದ ಪಾತ್ರೆಯ ಗೋಡೆ ಹೆಚ್ಚುವುದು ನೂರೇ ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ಗೋಡೆ ಹತ್ತರಲ್ಲೊಂದು ಪಾಲು. ಅರ್ಧ ಗಂಟೆ ಐದು ಗಂಟೆ ಆಗಲು ಇಷ್ಟೇ ಸಾಕು. ಜಾಕೆಟ್‌ನಲ್ಲಿ, ಅಂದರೆ ಬ್ರೈನ್ ಹರಿಯುವ ಹೊರಕವಚದಲ್ಲಿ, ಕೊಳೆ ಕಟ್ಟಿದ್ದರೆ ಇನ್ನೂ ಜಾಸ್ತಿ.

ಬ್ರೈನ್ ತೀರಾ ತಣ್ಣಗಾದರೆ ಅದರದೇ ಅಪಾಯ ಇದೆ. ರಿಯಾಕ್ಷನ್ ನಿಧಾನವಾಗುತ್ತದೆ, ಬಿಟ್ಟ ಆಸಿಡ್ ಖರ್ಚಾಗದೆ ಒಳಗೇ ಕೂತಿರುತ್ತದೆ. ಥರ್ಮಾಮೀಟರ್ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ! ಆಮೇಲೆ ಸ್ವಲ್ಪ ಬಿಸಿಯಾದರೂ ಕೂತಿದ್ದದ್ದೆಲ್ಲ ಒಟ್ಟಿಗೆ ಉರಿದೇಳುತ್ತದೆ. 10 ಡಿಗ್ರಿ ಏರಿದರೆ ರಿಯಾಕ್ಷನ್ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಕೂಲಿಂಗ್ ಆ ಲೆಕ್ಕದಲ್ಲಿ ಏರುವುದಿಲ್ಲ. ಹಾಗಾಗಿ ತಾಪಕ್ಕೆ ನಿಜವಾದ ಕಡಿವಾಣ ಆಸಿಡ್ ಸ್ವಲ್ಪ ಸ್ವಲ್ಪವಾಗಿ ಬಿಡುವ ಡೋಸಿಂಗ್ ವಾಲ್ವ್, ಬ್ರೈನ್ ಅಲ್ಲ. ವಾಲ್ವ್ ಮುಚ್ಚಿದ ಕೂಡಲೇ ತಾಪ ಇಳಿಯತೊಡಗಿದರೆ ಹಾಕಿದ್ದು ಆಗಾಗಲೇ ಖರ್ಚಾಗುತ್ತಿದೆ ಎಂದರ್ಥ. ಮುಚ್ಚಿದ ಮೇಲೂ ಏರುತ್ತಲೇ ಇದ್ದರೆ ಒಳಗೆ ಖರ್ಚಾಗದ ಆಸಿಡ್ ಸಾಲದಂತೆ ಉಳಿದಿದೆ.

ಎಲ್ಲವನ್ನೂ ಮೊದಲೇ ತುಂಬಿ ಬಿಸಿ ಮಾಡುವ ಬ್ಯಾಚ್‌ಗಳಲ್ಲಿ ಈ ಕಡಿವಾಣವೂ ಇರುವುದಿಲ್ಲ. ಅಮೆರಿಕದ ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ 2007ರ ಡಿಸೆಂಬರ್ 19ರಂದು ಟಿ2 ಲ್ಯಾಬೊರೇಟರೀಸ್‌ನ ಸುಮಾರು 9,500 ಲೀಟರ್ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ಒಳಗೆ ಸೋಡಿಯಂ ಲೋಹ ಇತ್ತು. ಕೂಲಿಂಗ್ ನೀರು ಕೈಕೊಟ್ಟಿತು, ಬದಲಿ ವ್ಯವಸ್ಥೆ ಇರಲಿಲ್ಲ.

ಈಗ ಸ್ಟಿರರ್ ವಿಷಯ. ನೈಟ್ರೇಷನ್‌ನಲ್ಲಿ ಆಸಿಡ್ ಮತ್ತು ಆರ್ಗಾನಿಕ್ ಸಾಮಾನ್ಯವಾಗಿ ಬೆರೆಯದ ಎರಡು ದ್ರವ. ಕಲಕುವುದು ನಿಂತರೆ ಬೇರೆ ಬೇರೆ ಪದರವಾಗಿ ಕೂರುತ್ತವೆ. ರಿಯಾಕ್ಷನ್ ನಡೆಯುವುದು ಅವು ತಾಗುವ ಗೆರೆಯಲ್ಲಿ ಮಾತ್ರ. ಥರ್ಮಾಮೀಟರ್ ಹೇಳುವುದು ತನ್ನ ತುದಿಯ ಸುತ್ತಲಿನ ಸಮಾಚಾರ ಅಷ್ಟೇ. ಆಗ ಸುಮ್ನೆ ಸ್ಟಾರ್ಟ್ ಒತ್ತಿದರೆ ಪದರಗಳು ಒಂದೇ ಏಟಿಗೆ ಬೆರೆತು, ಗಂಟೆಗಳಲ್ಲಿ ಬರಬೇಕಾದ ಶಾಖ ನಿಮಿಷಗಳಲ್ಲಿ ಬರಬಹುದು. ಡೋಸಿಂಗ್ ಮುಚ್ಚಿ, ಕೂಲಿಂಗ್ ಹಾಗೇ ಇರಲಿ, ಇನ್‌ಚಾರ್ಜ್‌ರನ್ನು ಕರೆಯಿರಿ. ಮತ್ತೆ ಶುರು ಮಾಡುವುದು ಬರೆದಿಟ್ಟ ವಿಧಾನದಂತೆಯೇ.

ನಿಮ್ಮಲ್ಲಿ ಸ್ಟಿರರ್ ನಿಂತರೆ ಡೋಸಿಂಗ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಇರಬಹುದು. ಅದು ಮೋಟಾರ್ ಸ್ವಿಚ್ ನೋಡುತ್ತದೋ, ಶಾಫ್ಟ್ ತಿರುಗುವುದನ್ನು ನೋಡುತ್ತದೋ ಕೇಳಿ ತಿಳಿದುಕೊಳ್ಳಿ. ಮೋಟಾರನ್ನು ಶಾಫ್ಟ್‌ಗೆ ಜೋಡಿಸುವ ಕಪ್ಲಿಂಗ್ ಜಾರಿದರೆ ಮೋಟಾರ್ ಓಡುತ್ತಲೇ ಇರುತ್ತದೆ, ಒಳಗೆ ಬ್ಲೇಡ್ ನಿಂತಿರುತ್ತದೆ. ಆಗ ಮೋಟಾರ್ ಎಳೆಯುವ ಕರೆಂಟ್ ತೋರಿಸುವ ಆಮ್‌ಮೀಟರ್ ಮುಳ್ಳು ಎಂದಿಗಿಂತ ಕೆಳಗಿರುತ್ತದೆ. ಡೋಸಿಂಗ್ ನಡೆಯುವಾಗ ಅದರ ಮೇಲೂ ಒಂದು ಕಣ್ಣಿರಲಿ.