ಔಟಾದ ಮಗು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರೆಗಿನ 34 ಮಕ್ಕಳು ಒಟ್ಟಿಗೆ ಇದ್ದಾರೆ. ದೈಹಿಕ ಶಿಕ್ಷಣ ಶಿಕ್ಷಕರು ಇಲ್ಲದಿರುವುದರಿಂದ ಆಟದ ಅವಧಿಯನ್ನೂ ನಾನೇ ನಡೆಸುತ್ತೇನೆ. ಕೆರೆ-ದಡ, ಟೋಪಿ ಆಟಗಳನ್ನು ಆಡಿಸುತ್ತೇನೆ. ಆದರೆ ಐದೇ ನಿಮಿಷದಲ್ಲಿ ಅರ್ಧದಷ್ಟು ಮಕ್ಕಳು ಔಟಾಗಿ ಗೋಡೆಯ ಪಕ್ಕ ಕೂರುತ್ತಾರೆ, ಅಲ್ಲಿ ಜಗಳ ಶುರುವಾಗುತ್ತದೆ. ಗೆಲ್ಲುವವರು ದಿನವೂ ಅದೇ ನಾಲ್ಕೈದು ಮಂದಿ. ಇರುವುದು ಒಂದೇ ಚೆಂಡು, ಅಂಗಳವೂ ಚಿಕ್ಕದು. ಏನು ಮಾಡಲಿ?

ಉತ್ತರ: ನಿಮ್ಮದು ಅನೇಕ ಶಾಲೆಗಳ ಪರಿಸ್ಥಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟವು ಪ್ರತಿ ಶಾಲೆಗೂ ಆಟದ ಮೈದಾನ ಮತ್ತು ಆಟದ ಸಾಮಗ್ರಿ ಇರಬೇಕೆಂದು ಹೇಳುತ್ತದೆಯಾದರೂ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ಹೇಳುವುದು 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗಳಿಗೆ ಮಾತ್ರ. ಹೀಗಾಗಿ, ಓಡಲು, ನೆಗೆಯಲು, ಎಸೆಯಲು ಕಲಿಯುವ ವಯಸ್ಸಿನ ಚಿಕ್ಕ ಮಕ್ಕಳ ಆಟ ತರಗತಿ ಶಿಕ್ಷಕರ ಪಾಲಿಗೇ ಬರುತ್ತದೆ. ಅದನ್ನು ಬಿಡದೆ ನಡೆಸುತ್ತಿದ್ದೀರಿ ಎಂಬುದೇ ನನಗೆ ಬಹಳ ಸಂತೋಷದ ಸಂಗತಿ.

ತೊಂದರೆ ನಿಮ್ಮಲ್ಲಿಯೂ ಇಲ್ಲ, ಮಕ್ಕಳಲ್ಲಿಯೂ ಇಲ್ಲ. ಔಟ್ ಎಂಬ ನಿಯಮದಲ್ಲಿದೆ. ಮೊದಲು ಔಟಾಗುವುದು ಯಾರು? ಸಮತೋಲನ ಇನ್ನೂ ಕೂಡಿಬರದ, ಸೂಚನೆ ಕೇಳಿ ಮೈಯನ್ನು ಕೂಡಲೇ ತಿರುಗಿಸಲಾಗದ ಮಗು. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಅತಿ ಕಡಿಮೆ ಅಭ್ಯಾಸ ಸಿಗುತ್ತದೆ, ಚುರುಕಾದ ನಾಲ್ಕೈದು ಮಂದಿಗೆ ಇಡೀ ಅವಧಿ ಸಿಗುತ್ತದೆ. ಅದೇ ಮಕ್ಕಳು ದಿನವೂ ಗೆಲ್ಲುವುದು ಅದಕ್ಕೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೋಡೆಯ ಪಕ್ಕ ಕುಳಿತ ಹೊತ್ತನ್ನು ಅದರೊಳಗೆ ಎಣಿಸಲಾಗುವುದಿಲ್ಲ.

ಕೆರೆ-ದಡವನ್ನೇ ತೆಗೆದುಕೊಳ್ಳಿ, ಏಕೆಂದರೆ ಇದಕ್ಕೆ ಒಂದು ಗೆರೆಯ ಹೊರತು ಬೇರೇನೂ ಬೇಡ. ಸುಣ್ಣದ ಪುಡಿಯಲ್ಲಿ ಒಂದು ವೃತ್ತದ ಬದಲು ಎರಡು ವೃತ್ತ ಬರೆಯಿರಿ. ಒಳಗೆ ಕೆರೆ, ಹೊರಗೆ ದಡ. ಮಕ್ಕಳನ್ನು ಎರಡು ಕಡೆ ಹಂಚಿ, ಒಂದೇ ಸೂಚನೆಯಲ್ಲಿ ಎರಡೂ ಕೆರೆಗಳ ಆಟವನ್ನು ನಡೆಸಿ. 'ಕೆರೆ' ಎಂದಾಗ ದಡದಲ್ಲೇ ಉಳಿದ ಮಗು ಔಟಾಗಿ ಕೂರುವುದಿಲ್ಲ. ಓಡಿಹೋಗಿ ಇನ್ನೊಂದು ಕೆರೆಯ ದಡ ಸೇರಿ ಅಲ್ಲಿ ಆಟ ಮುಂದುವರಿಸುತ್ತದೆ. ತಪ್ಪಿದವರು ಅತ್ತಿಂದಿತ್ತ ಹೋಗುತ್ತಲೇ ಇರುವುದರಿಂದ ಯಾರು ಸೋತರು ಎಂಬ ಲೆಕ್ಕವೇ ಮಕ್ಕಳಿಗೆ ಮರೆತುಹೋಗುತ್ತದೆ. ತಪ್ಪಿದವರನ್ನು ಮೈದಾನದ ಸುತ್ತ ಓಡಿಸುವ ಪದ್ಧತಿಯನ್ನು ಮಾತ್ರ ದಯವಿಟ್ಟು ತರಬೇಡಿ. ಓಟವನ್ನು ಒಮ್ಮೆ ಶಿಕ್ಷೆಯೆಂದು ತಿಳಿದ ಮಗುವಿಗೆ ಅದನ್ನು ಮತ್ತೆ ಪ್ರೀತಿಸಲು ಕಲಿಸುವುದು ಬಹಳ ಕಷ್ಟ. ಎರಡು ಕಾಲು ಜೋಡಿಸಿ ನೆಗೆಯುವುದು ಒಂದು ವಾರ, ಕುಂಟುವುದು ಮುಂದಿನ ವಾರ, ಪಕ್ಕಕ್ಕೆ ನೆಗೆಯುವುದು ಅದರ ಮುಂದಿನ ವಾರ ಎಂದು ಬದಲಾಯಿಸಿದರೆ, ಒಂದೇ ಆಟದಲ್ಲಿ ತಿಂಗಳ ಪಾಠ ನಡೆಯುತ್ತದೆ. ಕುಂಟುವಾಗ ಎರಡೂ ಕಾಲುಗಳ ಸರದಿ ಬರುವಂತೆ ನೋಡಿಕೊಳ್ಳಿ.

ಟೋಪಿ ಆಟದ ದೋಷ ಬೇರೆ. 34 ಮಕ್ಕಳ ಒಂದೇ ವೃತ್ತದಲ್ಲಿ ಓಡುವವರು ಇಬ್ಬರು, ಕುಳಿತು ನೋಡುವವರು 32 ಮಂದಿ. ಏಳೇಳು ಮಕ್ಕಳ ನಾಲ್ಕು ವೃತ್ತ, ಆರು ಮಕ್ಕಳ ಒಂದು ವೃತ್ತ ಮಾಡಿ, ಪ್ರತಿ ವೃತ್ತಕ್ಕೂ ಒಂದು ಕರವಸ್ತ್ರ ಕೊಟ್ಟರೆ ಪ್ರತಿ ಮಗುವಿನ ಸರದಿಯೂ ಬೇಗ ಬರುತ್ತದೆ. ಓಡುವವರು ಒಬ್ಬರಿಗೊಬ್ಬರು ಡಿಕ್ಕಿಯಾಗದಂತೆ ವೃತ್ತಗಳ ನಡುವೆ ಜಾಗ ಬಿಡಿ, ಎಲ್ಲರೂ ಒಂದೇ ದಿಕ್ಕಿಗೆ ಸುತ್ತಲಿ. ಅಂಗಳದಲ್ಲಿ ಐದು ವೃತ್ತ ಹಿಡಿಸದಿದ್ದರೆ ಮೂರು ವೃತ್ತಗಳಲ್ಲಿ ಇದನ್ನು ಆಡಿಸಿ, ಉಳಿದವರಿಗೆ ಜಗುಲಿಯ ಪಕ್ಕ ಕುಂಟೆಬಿಲ್ಲೆಯ ಎರಡು ಮೂರು ಅಂಕಣ ಬರೆದುಕೊಟ್ಟು, ಅರ್ಧ ಅವಧಿಗೆ ಜಾಗ ಬದಲಿಸಿ.

ಒಂದೇ ಚೆಂಡಿನ ಚಿಂತೆಗೆ ಹಳೆಯ ಬಟ್ಟೆ ಸಾಕು. ಹರಿದ ಸೀರೆ ಅಥವಾ ಕಾಲುಚೀಲದೊಳಗೆ ಚಿಂದಿ ತುಂಬಿ, ದಾರದಿಂದ ಬಿಗಿಯಾಗಿ ಸುತ್ತಿ, ಮಗುವಿಗೊಂದು ಚೆಂಡು ಮಾಡಿಸಿ. ಆರು ವರ್ಷದ ಮಗು ವೇಗವಾಗಿ ಬರುವ ರಬ್ಬರ್ ಚೆಂಡನ್ನು ಕಂಡರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತದೆ. ಅದು ಅಂಜುಬುರುಕುತನವಲ್ಲ, ಪೆಟ್ಟಿನ ನೆನಪು. ಬಟ್ಟೆ ಚೆಂಡು ನೋಯಿಸುವುದಿಲ್ಲ, ಪುಟಿದು ದೂರ ಓಡುವುದೂ ಇಲ್ಲ. ಮೊದಲು ತನ್ನ ಚೆಂಡನ್ನು ತಾನೇ ಮೇಲೆಸೆದು ಹಿಡಿಯಲಿ, ಆಮೇಲೆ ಗೋಡೆಯ ಮೇಲಿನ ಗುರುತಿಗೆ ಎಸೆಯಲಿ, ಅದು ರೂಢಿಯಾದ ಮೇಲೆ ಲಗೋರಿಗೆ ಬನ್ನಿ. ಲಗೋರಿಯಲ್ಲಿಯೂ ಓಡುವವರ ಮೇಲೆ ಹೊಡೆಯುವುದು ಸೊಂಟದ ಕೆಳಗೆ ಮಾತ್ರ ಎಂಬ ನಿಯಮ ಇರಲಿ. ಖೋ-ಖೋವನ್ನು ಈ ವಯಸ್ಸಿಗೆ ಪೂರ್ತಿಯಾಗಿ ಕಲಿಸಲು ಹೋಗಬೇಡಿ. ಕುಳಿತವರ ನಡುವೆ ದಾಟಬಾರದು, ಹಿಡಿದ ದಿಕ್ಕು ಬಿಡಬಾರದು ಎಂಬ ನಿಯಮಗಳಲ್ಲೇ ಅವಧಿ ಮುಗಿಯುತ್ತದೆ. ಬೆನ್ನು ತಟ್ಟಿ 'ಖೋ' ಎಂದ ಕೂಡಲೇ ಎದ್ದು ಓಡುವ ಭಾಗವನ್ನಷ್ಟೇ ಆಡಿಸಿ.

ಇನ್ನು ನೀವು ನಿಲ್ಲುವ ಬಗೆ. ವೃತ್ತದ ನಡುವೆ ನಿಂತರೆ ಅರ್ಧ ಮಕ್ಕಳು ನಿಮ್ಮ ಬೆನ್ನ ಹಿಂದೆ ಉಳಿಯುತ್ತಾರೆ. ವೃತ್ತದ ಗೆರೆಯ ಮೇಲೆ, ಬಿಸಿಲು ನಿಮ್ಮ ಮುಖಕ್ಕೆ ಬೀಳುವಂತೆ ನಿಂತರೆ, ಎದುರಿರುವ ಮಕ್ಕಳು ಕಣ್ಣು ಕಿರಿದಾಗಿಸದೆ ನಿಮ್ಮನ್ನು ನೋಡಬಹುದು. ನಿಯಮವನ್ನು ಬಾಯಲ್ಲಿ ವಿವರಿಸುವ ಬದಲು ಒಂದು ಸುತ್ತು ಆಡಿ ತೋರಿಸಿ. ಸೀಟಿ ಕೇಳಿದೊಡನೆ ಇದ್ದಲ್ಲೇ ಕಲ್ಲಾಗುವ ಅಭ್ಯಾಸವನ್ನು ಮೊದಲ ವಾರವೇ ಆಟದಂತೆ ಮಾಡಿಸಿಬಿಟ್ಟರೆ, ಮುಂದೆ ಕೂಗುವ ಅಗತ್ಯ ಬರುವುದಿಲ್ಲ. ಓಟದ ಪಂದ್ಯದಲ್ಲಿ ಗೋಡೆಯನ್ನು ಮುಟ್ಟುವ ಗುರಿ ಎಂದೂ ಬೇಡ. ಚಿಕ್ಕ ಮಕ್ಕಳಿಗೆ ವೇಗ ತಗ್ಗಿಸಲು ತಿಳಿಯದ ಕಾರಣ, ಗೋಡೆಗಿಂತ ಎರಡು ಮೂರು ಮೀಟರ್ ಮೊದಲೇ ಗೆರೆ ಎಳೆಯಿರಿ. ನಿಮ್ಮ ಕಡೆಯ ಬಿಸಿಲಿಗೆ, ಬಿಸಿಯೂಟವಾದ ಕೂಡಲೇ ಆಡಿಸುವುದಕ್ಕಿಂತ ಬೆಳಗಿನ ಮೊದಲ ಅವಧಿಯೇ ಒಳ್ಳೆಯದು. ಬೇಸಿಗೆಯಲ್ಲಂತೂ ನಡುನಡುವೆ ನೆರಳು, ನೀರು ಎರಡೂ ಸಿಗಲಿ.

ಪ್ರಶ್ನೆ: ಎರಡನೇ ತರಗತಿಯಲ್ಲಿರುವ ನಮ್ಮ ಮಗನ ಒಂದು ಕಾಲಿನಲ್ಲಿ ಬಲ ಕಡಿಮೆ. ನಡೆಯುತ್ತಾನೆ, ಓಡಲಾರ. ಆಟದ ಹೊತ್ತಿನಲ್ಲಿ ಅವನನ್ನು ಪ್ರತಿದಿನ ಅಂಕ ಬರೆಯಲು ಕೂರಿಸುತ್ತಾರೆ. ಶಿಕ್ಷಕರು ಒಳ್ಳೆಯವರು, ಬೀಳುತ್ತಾನೆಂದು ಹೆದರುತ್ತಾರೆ. ಹೇಗೆ ಕೇಳಲಿ?

ಉತ್ತರ: ಮೊದಲು ಮಗನನ್ನು ನೋಡುವ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ, ಅವನು ಯಾವ ಚಲನೆಗಳನ್ನು ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಶಾಲೆಗೆ ಹೋಗಿ. ಶಿಕ್ಷಕರ ಹೆದರಿಕೆ ನಿಜವಾದದ್ದು; ಬರಹದಲ್ಲಿ ಕಂಡರೆ ಅದು ಕಡಿಮೆಯಾಗುತ್ತದೆ. ಆಮೇಲೆ, ಅವನೊಬ್ಬನಿಗೆ ಬೇರೆ ನಿಯಮ ಮಾಡುವುದಕ್ಕಿಂತ ಕೆಲವು ಆಟಗಳ ನಿಯಮವನ್ನು ಎಲ್ಲರಿಗೂ ಬದಲಿಸಲು ಸಾಧ್ಯವೇ ಎಂದು ಕೇಳಿ. ಮುಟ್ಟಾಟದಲ್ಲಿ ಯಾರೂ ಓಡದೆ, ಒಂದು ಪಾದದ ತುದಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ನಡೆದೇ ಹಿಡಿಯಬೇಕೆಂದರೆ ವೇಗದ ಅಂತರ ಬಹಳಷ್ಟು ಇಳಿಯುತ್ತದೆ. ಬಟ್ಟೆ ಚೆಂಡನ್ನು ಗುರಿಗೆ ಎಸೆಯುವ ಆಟವನ್ನು ಎಲ್ಲರೂ ನೆಲದ ಮೇಲೆ ಕುಳಿತೇ ಆಡಬಹುದು, ಅಲ್ಲಿ ನಿಮ್ಮ ಮಗ ಯಾರಿಗೂ ಕಡಿಮೆಯಲ್ಲ. 'ಕೆರೆ', 'ದಡ' ಎಂದು ಕೂಗುವ ಕೆಲಸ ಅವನಿಗೆ ಆಗಾಗ ಬರಲಿ, ಆದರೆ ಬೇರೆ ಮಕ್ಕಳಿಗೂ ಸರದಿ ಬರುವಷ್ಟೇ ಬರಲಿ. ಅಂಕ ಬರೆಯುವ ಪುಸ್ತಕಕ್ಕೂ ಇದೇ ಮಾತು ಅನ್ವಯಿಸುತ್ತದೆ: ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಎಂದು ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಲು ಕೇಳಿ.