ಸಿಂಕಿನಿಂದ ಶುರು ಮಾಡಿ

ಪ್ರಶ್ನೆ: ನಾನು ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಸಹಾಯಕಿ. ನಮ್ಮಲ್ಲಿ ಪರಿಸರ ನಿರ್ವಹಣೆಯ ಮಾನದಂಡವಾದ ಐಎಸ್‌ಒ 14001 ತರುತ್ತಾರಂತೆ. ಇನ್ನಷ್ಟು ರಿಜಿಸ್ಟರ್ ಬರೆಯುವುದು ಬಿಟ್ಟರೆ ಪ್ರಯೋಜನ ಏನು ಸಾರ್?
– ಓದುಗರೊಬ್ಬರು, ಸುರತ್ಕಲ್

ಉತ್ತರ: ರಿಜಿಸ್ಟರ್ ಹೆಚ್ಚುತ್ತದೆ ಮಾರಾಯ್ರೆ, ಅದರಲ್ಲಿ ಅನುಮಾನ ಬೇಡ. 1996ರಲ್ಲಿ ಬಂದು 2015ರಲ್ಲಿ ಪರಿಷ್ಕೃತವಾದ ಈ ಮಾನದಂಡ ಮಾಲಿನ್ಯಕ್ಕೆ ಮಿತಿ ಹಾಕುವುದಿಲ್ಲ. ನಿಮ್ಮ ಕೆಲಸದಿಂದ ಪರಿಸರಕ್ಕೆ ಏನು ತಾಗುತ್ತದೆಂದು ನೀವೇ ಹುಡುಕಿ, ಗುರಿ ಇಟ್ಟು, ಆಗಾಗ ತಪಾಸಣೆ ಮಾಡಿ ಅನ್ನುತ್ತದೆ, ಅಷ್ಟೇ.

ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆಂದು ಅಳೆಯುವ ನಿಮ್ಮ ಸಿಒಡಿ ಪರೀಕ್ಷೆಯನ್ನೇ ನೋಡಿ. ಡೈಕ್ರೋಮೇಟ್, ಮರ್ಕ್ಯುರಿಕ್ ಸಲ್ಫೇಟ್, ಸಿಲ್ವರ್ ಸಲ್ಫೇಟ್ ಹಾಕಿ ಎರಡು ಗಂಟೆ ಕುದಿಸುತ್ತೀರಿ. ಉಳಿದ ದ್ರಾವಣದಲ್ಲಿ ಪಾದರಸ, ಕ್ರೋಮಿಯಂ, ಗಂಧಕಾಮ್ಲ. ಫಲ್ಗುಣಿ ನದಿಯ ನೀರು ಕೆಟ್ಟಿದೆಯೇ ಎಂದು ಪರೀಕ್ಷಿಸಿ, ಆ ಪಾದರಸವನ್ನು ಸಿಂಕಿಗೆ ಸುರಿದರೆ ಹೇಗೆ? ಲೇಬಲ್ ಹಚ್ಚಿದ ಪ್ರತ್ಯೇಕ ಕ್ಯಾನಿನಲ್ಲಿ ತುಂಬಿಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇದ್ದವರಿಗೇ ಕೊಡಬೇಕು.

ಕುದಿಸುವಾಗ ಆವಿ ತಣಿಸಲು ಕಂಡೆನ್ಸರ್‌ಗೆ ಬಿಟ್ಟ ನಲ್ಲಿ ನೀರು ಚರಂಡಿಗೆ ಹೋಗುತ್ತಿದ್ದರೆ ಸಣ್ಣ ಪಂಪ್ ಇಟ್ಟು ಅದನ್ನೇ ತಿರುಗಿಸಬಹುದು. ಏಪ್ರಿಲ್‌ನಲ್ಲಿ ಈ ನೀರಿನ ಬೆಲೆ ಗೊತ್ತಾಗುತ್ತದೆ.

ಸಾಹೇಬರ ಸಹಿ ಮಾತ್ರ ಸಾಲದು. ತ್ಯಾಜ್ಯ ವಿಲೇವಾರಿಗೆ ಬಜೆಟ್ಟಿನಲ್ಲಿ ಬೇರೆಯೇ ಬಾಬ್ತು ಹಾಕಿಸಿಕೊಳ್ಳಿ, ಅವರಿಗೆ ವರ್ಗವಾಗುವ ಮೊದಲೇ.